ನಮ್ಮ ಸಾಹೇಬ್ರನ್ನ ಶಕುನಿ ಅಂದ್ರಂತಲ್ಲ?

ಮದುವೆ ಮನೆ, ಬಸ್ ಸ್ಟ್ಯಾಂಡು, ಕಟಿಂಗ್ ಅಂಗಡಿ, ಒಮ್ಮೆ ಮಣ್ಣಿಗೆ ಹೋದಲ್ಲಿ ಕೂಡ ಕೇಳಿದ್ದಾರೆ: ‘ರಾಜಕಾರಣಿಗಳನ್ನ ಶಕುನಿ, ದುಶ್ಶಾಸನ, ರಾವಣ ಅಂತ ಯಾಕ ಬರೀತೀರಿ?’ ಗದುಗಿನ ಸಣ್ಣ ಪತ್ರಿಕೆಯೊಂದಕ್ಕೆ ವಾರಕ್ಕೊಂದು ವಿಡಂಬನೆ ಬರೆಯುವವನು ನಾನು. ಮೊದಮೊದಲು ನಕ್ಕು ‘ಸುಮ್ನ ಚಾಷ್ಟಿ ಬಿಡ್ರಿ’ ಅನ್ನುತ್ತಿದ್ದೆ. ಈಗ ನಗುವುದಕ್ಕೂ ಬೇಸರ. ಬರೆದಿಟ್ಟುಬಿಡುತ್ತೇನೆ, ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಓದದಿದ್ದರೆ ಅದು ಅವರ ಹಣೆಬರಹ.

ಮೊದಲನೇದು, ಈ ಆಟ ಶುರು ಮಾಡಿದ್ದು ನಾನಲ್ಲ. 2018ರ ಫೆಬ್ರುವರಿಯಲ್ಲಿ ರಾಜ್ಯಸಭೆಯೊಳಗೆ ರೇಣುಕಾ ಚೌಧರಿ ಗಟ್ಟಿಯಾಗಿ ನಕ್ಕರು. ಪ್ರಧಾನಿ ಮೋದಿ, ರಾಮಾಯಣ ಧಾರಾವಾಹಿ ಮುಗಿದ ಮೇಲೆ ಇಂಥ ನಗು ಕೇಳುವ ಭಾಗ್ಯ ಇವತ್ತೇ ಸಿಕ್ಕಿತು ಎಂದರು. ಯಾವ ಪಾತ್ರದ ಹೆಸರೂ ಹೇಳಲಿಲ್ಲ. ಇಡೀ ದೇಶಕ್ಕೆ ಶೂರ್ಪನಖಿ ನೆನಪಾದಳು. 2022ರ ನವೆಂಬರಿನಲ್ಲಿ ಗುಜರಾತ್ ಪ್ರಚಾರದಲ್ಲಿ ನಮ್ಮ ಕಲಬುರಗಿಯ ಖರ್ಗೆಯವರು, ಎಲ್ಲಾ ಚುನಾವಣೆಗೂ ಮೋದಿ ಮುಖವೇ ಬೇಕೆಂದರೆ ರಾವಣನ ಹಾಗೆ ನೂರು ತಲೆ ಇವೆಯೇ ಎಂದು ಕೇಳಿದರು. ಪಾಪ, ರಾವಣನಿಗೆ ಇದ್ದದ್ದು ಹತ್ತೇ. ಮರುವರ್ಷ ಅಕ್ಟೋಬರಿನಲ್ಲಿ ಬಿಜೆಪಿ, ರಾಹುಲ್ ಗಾಂಧಿಯನ್ನು ಹೊಸ ಯುಗದ ರಾವಣ ಮಾಡಿ ಪೋಸ್ಟರ್ ಹಾಕಿತು. ಲೋಕಸಭೆ ಸಚಿವಾಲಯ 2022ರಲ್ಲಿ ಹೊರತಂದ ಅಸಂಸದೀಯ ಪದಗಳ ಪಟ್ಟಿಯಲ್ಲಿ ‘ಶಕುನಿ’ಯೂ ಇದ್ದಾನೆ. ಯಾರೋ ಯಾರಿಗೋ ಅಂದಿರದಿದ್ದರೆ ಅವನು ಆ ಪಟ್ಟಿಗೆ ಹ್ಯಾಗೆ ಸೇರುತ್ತಿದ್ದ? ಅವರವರೇ ಅಂದುಕೊಂಡರೆ ಭಾಷಣ, ನಾನು ಬರೆದರೆ ಉದ್ಧಟತನ.

ಇನ್ನು ಕೇಳುವ ಧಾಟಿ. ‘ನಮ್ಮ ಸಾಹೇಬ್ರನ್ನ ಶಕುನಿ ಅಂದ್ರಂತಲ್ಲ?’ ಅಂತಾರೆ. ಈ ‘ಅಂತಲ್ಲ’ದ ಅರ್ಥ, ತಾವು ಓದಿಲ್ಲ, ಯಾರೋ ಹೇಳಿದ್ದು ಕೇಳಿಸಿಕೊಂಡು ಬಂದಿದ್ದಾರೆ. ಗದುಗಿನ ಒಂದು ಮದುವೆಯಲ್ಲಿ ಹಿಂಗೇ ಆಯಿತು. ಊಟದ ಸಾಲಿನಲ್ಲಿ ಪಕ್ಕದ ಎಲೆಗೆ ಒಬ್ಬ ಮಾಜಿ ಸದಸ್ಯರು ಬಂದು ಕೂತರು. ಯಾವ ಸಂಸ್ಥೆಯ ಮಾಜಿ ಅನ್ನುವುದು ಬೇಡ. ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ ಶುರು ಮಾಡಿದರು.

‘ಏನ್ರೀ ಸರ, ನಮ್ಮ ಸಾಹೇಬ್ರ ಮ್ಯಾಲೆ ಬರದೀರಂತ?’

‘ಅದರಾಗ ಸಾಹೇಬ್ರ ಹೆಸರು ಎಲ್ಲೈತ್ರಿ?’

‘ಹೆಸರಿಲ್ಲ. ಶಕುನಿ ಅಂತ ಐತಲ್ಲ.’

‘ಶಕುನಿ ಅಂದಕೂಡ್ಲೆ ನಿಮಗ ಸಾಹೇಬ್ರು ನೆನಪಾದ್ರೇನು?’

ಗೆದ್ದೆ ಅಂದುಕೊಂಡು ಎಣ್ಣೆಗಾಯಿಗೆ ಕೈ ಹಾಕಿದೆ. ಅವರು ಬಿಡಲಿಲ್ಲ. ದನಿ ತಗ್ಗಿಸಿ, ಭಾಳ ನೊಂದವರ ಹಾಗೆ ಹೇಳಿದರು: ‘ಅಲ್ರೀ, ಮೊನ್ನೆರ ಅವರಿಗೆ ಮೊಣಕಾಲು ಆಪರೇಷನ್ ಆಗೇತಿ. ಕುಂಟತಾರ ಅಂತ ಹಿಂಗ ಆಡ್ಕೋಬಾರದ್ರೀ. ನಾಳೆ ನಮಗೂ ಬರೂದ ಐತಿ.’

ತುತ್ತು ಗಂಟಲಲ್ಲೇ ನಿಂತಿತು. ನಾನು ಬರೆದದ್ದು ಟೆಂಡರ್ ಆಟದ ಬಗ್ಗೆ, ಕಪಟ ದಾಳದ ಬಗ್ಗೆ. ಅದು ಆ ಮನುಷ್ಯನಿಗೆ ಬೈಗುಳ ಅನ್ನಿಸಿಯೇ ಇರಲಿಲ್ಲ. ಟಿವಿಯ ಶಕುನಿ ಕುಂಟುತ್ತಾನೆ, ಸಾಹೇಬರೂ ಕುಂಟುತ್ತಾರೆ, ಇಷ್ಟೇ ಅವರ ತಕರಾರು. ವ್ಯಾಸರ ಶಕುನಿ ಕುಂಟನಲ್ಲ ಎಂದು ಹೇಳೋಣವೆಂದರೆ ಅಷ್ಟೊತ್ತಿಗೆ ಅನ್ನ ಸಾರು ಬಂದಿತ್ತು. ಕಾಲಿನ ಬಗ್ಗೆ ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ಇದನ್ನು ದಯವಿಟ್ಟು ಅವರಿಗೆ ಯಾರಾದರೂ ಮುಟ್ಟಿಸಿ.

‘ಕೇಸ್ ಬೀಳಂಗಿಲ್ಲೇನು?’ ಅಂತಲೂ ಕೇಳುತ್ತಾರೆ, ಬಿದ್ದರೆ ನೋಡೋಣ ಅನ್ನೋ ಆಸೆ ಕಣ್ಣಲ್ಲೇ ಕಾಣುತ್ತದೆ. ಬೀಳುತ್ತದೆ ಸ್ವಾಮಿ. ಕೋಲ್ಕತ್ತಾದ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ ಮುಖ್ಯಮಂತ್ರಿಯ ಮೇಲಿನ ಒಂದು ವ್ಯಂಗ್ಯಚಿತ್ರವನ್ನು ಮೇಲ್‌ನಲ್ಲಿ ಮುಂದಕ್ಕೆ ಕಳಿಸಿದ್ದಕ್ಕೆ 2012ರಲ್ಲಿ ಪೊಲೀಸರು ಹಿಡಿದೊಯ್ದರು. ಪ್ರಕರಣದಿಂದ ಬಿಡುಗಡೆ ಸಿಕ್ಕಿದ್ದು 2023ರಲ್ಲಿ. ಬರೆದವರೂ ಅಲ್ಲ, ಕಳಿಸಿದವರು. ಇದು ಗೊತ್ತಿದ್ದೇ ಬರೆಯುತ್ತೇನೆ, ಹೆಸರು ಹಾಕದೆ ಬರೆಯುತ್ತೇನೆ. ಹೇಡಿ ಅನ್ನುವವರು ಅನ್ನಲಿ.

ಇಷ್ಟೆಲ್ಲ ಕೇಳುವವರು ಹುಟ್ಟುಹಬ್ಬದ ಫ್ಲೆಕ್ಸಿನ ಕೆಳಗೆ ನಿಂತು ಒಂದು ಮಾತು ಕೇಳಿದ್ದುಂಟೆ? ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಿಂದ ಹಾವೇರಿ ತನಕ ಕಂಬಕ್ಕೊಬ್ಬ ಅಭಿನವ ಅರ್ಜುನ, ಕಲಿಯುಗದ ಕರ್ಣ. ‘ನಮ್ಮ ಕಾರ್ಪೊರೇಟರನ್ನ ಕೃಷ್ಣ ಯಾಕ ಮಾಡೀರಿ?’ ಅಂತ ಯಾರಾದರೂ ಪ್ರಿಂಟಿಂಗ್ ಅಂಗಡಿಯವನ ಕಾಲರ್ ಹಿಡಿದಿದ್ದಾರೆಯೇ? ಇದಕ್ಕೆ ಸಾವಿರ ವರ್ಷದ ಹಿಂದಿನ ಮೇಲ್ಪಂಕ್ತಿಯೂ ಇದೆ ನೋಡಿ. ಇಲ್ಲೇ ಅಣ್ಣಿಗೇರಿ ಪಂಪನ ತಾಯಿ ಕಡೆ ಊರು. 10ನೇ ಶತಮಾನದಲ್ಲಿ ಆ ಮಹಾಕವಿ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಿಗೆ ತಗಲುಹಾಕಿ ಭಾರತ ಬರೆದ, ಧರ್ಮವುರ ಅನ್ನುವ ಅಗ್ರಹಾರ ಪಡೆದ. ಪಂಪನ ಕಾವ್ಯಕ್ಕೆ ಕೈಮುಗಿಯುತ್ತೇನೆ, ಅದು ಬೇರೆ ಮಾತು. ದೊರೆಯನ್ನು ಅರ್ಜುನ ಅಂದರೆ ಊರು ಸಿಗುತ್ತದೆ, ಶಕುನಿ ಅಂದರೆ ಊಟದಲ್ಲಿ ಪಕ್ಕದ ಎಲೆಯವನ ಕಾಟ ಸಿಗುತ್ತದೆ.

ಕೋಳಿವಾಡದ ನಾರಣಪ್ಪ, ಅಂದರೆ ನಮ್ಮ ಕುಮಾರವ್ಯಾಸ, ಈ ತಾಪತ್ರಯವನ್ನೇ ಇಟ್ಟುಕೊಳ್ಳಲಿಲ್ಲ. ಗದುಗಿನ ಗುಡಿಯಲ್ಲಿ ಕೂತು, ಕವಿ ವೀರನಾರಾಯಣ, ತಾನು ಬರೇ ಲಿಪಿಕಾರ ಅಂದುಬಿಟ್ಟ. ಅವನ ಧಣಿ ಕಲ್ಲಿನವನು, ಚುನಾವಣೆಗೆ ನಿಲ್ಲುವವನಲ್ಲ. ‘ಅರಸು ರಾಕ್ಷಸ ಮಂತ್ರಿಯೆಂಬುವ ಮೊರೆವ ಹುಲಿ ಪರಿವಾರ ಹದ್ದಿನ ನೆರವಿ’ ಎಂದು ಬರೆದು ಅರಗಿಸಿಕೊಂಡ. ‘ಗದಗಿನಂಥಾ ಊರಾಗ ಇಂಥಾವೆಲ್ಲ ಬರೀಬಾರದು’ ಅಂತ ನನಗೆ ಬುದ್ಧಿ ಹೇಳುವವರು ಗುಡಿಗೆ ಹೋದಾಗ ಅವನು ಕೂತು ಬರೆದ ಕಂಬ ಅಂತ ತೋರಿಸುತ್ತಾರಲ್ಲ, ಅದನ್ನು ಒಮ್ಮೆ ನೋಡಿ ಬರಲಿ.

ನಿಜವಾಗಿ ನನ್ನನ್ನು ಕೇಳಬೇಕಾದ್ದು ಬೇರೆ: ಹೋಲಿಕೆ ಕೂಡುತ್ತದೆಯೇ? ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಬಹಳಷ್ಟು ಸಲ ಕೂಡುವುದಿಲ್ಲ. ದುರ್ಯೋಧನನನ್ನೇ ತಗೊಳ್ಳಿ. ಛಲಕ್ಕೆ ಅವನೇ ಎಂದು ಪಂಪನೇ ಹೇಳಿಬಿಟ್ಟಿದ್ದಾನೆ. ಕರ್ಣನಿಗೆ ಅಂಗರಾಜ್ಯ ಕೊಡುವಾಗ ಹೈಕಮಾಂಡ್ ಕೇಳಲಿಲ್ಲ, ನಿಂತ ನಿಲುವಿನಲ್ಲಿ ಪಟ್ಟ ಕಟ್ಟಿದ. ಯುದ್ಧಕ್ಕೆ ಮೊದಲು ಕೃಷ್ಣ ಆ ಕರ್ಣನನ್ನು ಪಕ್ಕಕ್ಕೆ ಕರೆದು, ನೀನೇ ಹಿರಿಯ ಪಾಂಡವ, ಸಿಂಹಾಸನ ನಿನ್ನದೇ, ಈ ಕಡೆ ಬಾ ಅಂದ. ಇದಕ್ಕಿಂತ ದೊಡ್ಡ ಆಫರ್ ಕರ್ನಾಟಕದಲ್ಲಿ ಇವತ್ತಿನವರೆಗೆ ಯಾರಿಗೂ ಬಂದಿಲ್ಲ. ಕರ್ಣ ಹೋಗಲಿಲ್ಲ. 2019ರಲ್ಲಿ ತಮ್ಮ ಪಕ್ಷಕ್ಕೆ ಕೈಕೊಟ್ಟ 17 ಶಾಸಕರು ಅನರ್ಹರಾಗಿ, ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತಲ್ಲ, ಅದರಲ್ಲಿ ಹಿರೇಕೆರೂರು, ರಾಣೆಬೆನ್ನೂರು ಎರಡೂ ನಮ್ಮ ಹಾವೇರಿ ಜಿಲ್ಲೆಯವೇ. ಆ ಚಳಿಯಲ್ಲಿ ಪ್ರಚಾರ ಸಭೆಗಳನ್ನು ನೋಡುತ್ತ ತಿರುಗಿದ ಮೇಲೆ ಕೌರವರ ಕಡೆಯವರ ಹೆಸರು ಬಳಸಲಿಕ್ಕೆ ನನ್ನ ಕೈ ಹಿಂಜರಿಯತೊಡಗಿತು.

ಹುಡುಕಿ ಹುಡುಕಿ ಒಬ್ಬ ಸಿಕ್ಕ. ಶಲ್ಯ. ಮದ್ರದೇಶದ ದೊರೆ, ನಕುಲ ಸಹದೇವರ ಸೋದರಮಾವ. ಪಾಂಡವರ ಕಡೆ ಸೇರಲಿಕ್ಕೆ ದಂಡು ಕಟ್ಟಿಕೊಂಡು ಹೊರಟಿದ್ದ. ದಾರಿಯುದ್ದಕ್ಕೂ ದುರ್ಯೋಧನ ಬಿಡದಿ ಮನೆ ಕಟ್ಟಿಸಿ, ಭೋಜನ ಇಡಿಸಿ, ಉಪಚಾರ ಮಾಡಿಸಿದ. ಉಂಡು ಖುಷಿಯಾಗಿ ಕೌರವರ ಕಡೆಯೇ ನಿಂತ. ಆಮೇಲೆ ಧರ್ಮರಾಯನನ್ನು ಕಂಡು, ಕರ್ಣನ ರಥ ಹೊಡೆಯುವಾಗ ಅವನ ಎದೆಗುಂದಿಸುತ್ತೇನೆ ಎಂದು ಮಾತೂ ಕೊಟ್ಟ. ರೆಸಾರ್ಟೂ ಆಯಿತು, ಒಳಏಟೂ ಆಯಿತು. ಹೊಲಿಸಿದ ಅಂಗಿಯ ಹಾಗೆ ಕೂತಿತು. ಹುರುಪಿನಿಂದ ಬರೆದೆ, ಬೈಗುಳ ಬರಲಿ ಎಂದು ಕಾದೆ. ಎರಡು ದಿನ ಯಾರೂ ಉಸಿರೆತ್ತಲಿಲ್ಲ. ಮೂರನೇ ದಿನ ಒಬ್ಬ ಕಾರ್ಯಕರ್ತ ಫೋನ್ ಮಾಡಿದ.

‘ಸರ, ಶಲ್ಯ ಅಂದ್ರ ನಮ್ಮ ಸಾಹೇಬ್ರೇನ್ರೀ?’

‘ನಿಮಗ ಹ್ಯಾಂಗ ಅನಸ್ತೈತಿ?’

‘ಅಂವ ಯಾರ ಕಡಿಯಾಂವ್ರೀ?’

‘ಎರಡೂ ಕಡೀ ಅದಾನು.’

‘ಎರಡೂ ಕಡಿಯವರಿಗೂ ಬೇಕಾಗ್ಯಾನ ಅಂದ್ರ ಭಾಳ ದೊಡ್ಡ ಮನಷ್ಯಾ ಇರಬೇಕು ಬಿಡ್ರಿ. ಈ ಸಲ ಹುಟ್ಟುಹಬ್ಬದ ಫ್ಲೆಕ್ಸಿಗೆ ಅದನ್ನ ಹಾಕಸ್ತೀವಿ.’