ಹಲ್ಲಿಲ್ಲದ ಚಕ್ರ

ಕಳೆದ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಮೈಸೂರಿನ ಕೆಆರ್‌ಎಸ್ ರಸ್ತೆಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಯಾದವಗಿರಿಯ ನಮ್ಮ ಮನೆಯಿಂದ ನಡೆದೇ ಹೋಗಬಹುದು. 1979ರಲ್ಲಿ ಇದು ಆರಂಭವಾದ ಹೊಸತರಲ್ಲಿ ಅಪ್ಪನ ಜೊತೆ ಬಂದಿದ್ದೆ. ಅಪ್ಪ ಅಶೋಕಪುರಂ ರೈಲ್ವೆ ಕಾರ್ಯಾಗಾರದಲ್ಲಿ ಬ್ರೇಕ್ ಫಿಟ್ಟರ್ ಆಗಿದ್ದರು. ಬೋಗಿ ಯಾವುದೇ ಇರಲಿ, ಅವರು ಮೊದಲು ಬಗ್ಗಿ ನೋಡುತ್ತಿದ್ದುದು ಅದರ ಅಡಿಯನ್ನು.

ಮಹಾರಾಣಿಯವರ ಸಲೂನ್ ಬೋಗಿಯನ್ನು ಹುಡುಗಿ ಎರಡೇ ನಿಮಿಷದಲ್ಲಿ ನೋಡಿ ಮುಗಿಸಿದಳು. ಹಳೆಯ ಉಗಿ ಎಂಜಿನ್ ಒಂದರ ಮುಂದೆ ಮಾತ್ರ ನಿಂತುಬಿಟ್ಟಳು.

"ಅಜ್ಜಿ, ಇದು ಊಟಿಗೆ ಹೋಗುತ್ತದೆಯೇ?"

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿಸಿಕೊಂಡದ್ದು ಅಪರೂಪ. ಮೈಸೂರಿನ ಹಳೆಯ ಹಳಿಗಳೂ ನೀಲಗಿರಿಯ ಹಳಿಗಳೂ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಹಳಿಯ ಅಗಲ ಹೊಂದಿದರೂ ನೀಲಗಿರಿಯ ಏರು ಈ ಎಂಜಿನ್ನಿಗೆ ಒಗ್ಗುವುದಿಲ್ಲ. ಚಕ್ರವನ್ನು ಸವರಿ ನೋಡು ಎಂದೆ. ಸವರಿದಳು. ನುಣುಪು. ನುಣುಪಾದ ಉಕ್ಕಿನ ಚಕ್ರ ನುಣುಪಾದ ಉಕ್ಕಿನ ಹಳಿಯನ್ನು ಹಿಡಿದು ಏರಬಲ್ಲದ್ದು ಒಂದು ಮಿತಿಯವರೆಗೆ. ಬೆಟ್ಟದ ಬುಡದ ಕಲ್ಲಾರ್‌ನಿಂದ ಮೇಲಿನ ಕೂನೂರಿನವರೆಗಿನ ದಾರಿಯಲ್ಲಿ ಸುಮಾರು ಹನ್ನೆರಡು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಮೇಲೇರಬೇಕು. ಅಲ್ಲಿ ಬರಿಯ ಚಕ್ರ ತಿರುಗುತ್ತದೆ, ರೈಲು ಮುಂದೆ ಹೋಗುವುದಿಲ್ಲ.

ಅದಕ್ಕೇ ಅಲ್ಲಿ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಜೋಡಿ ಪಟ್ಟಿ ಹಾಕಿದ್ದಾರೆ. ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ಎಂಬ ಎಂಜಿನಿಯರ್ ರೂಪಿಸಿದ ವಿಧಾನ ಅದು. ಒಂದು ಪಟ್ಟಿಯ ಹಲ್ಲು ಇರುವ ಕಡೆ ಪಕ್ಕದ ಪಟ್ಟಿಯಲ್ಲಿ ಸಂದು. ಹೀಗಾಗಿ ಎಂಜಿನ್ನಿನ ಹಲ್ಲುಗಾಲಿ ಯಾವ ಕ್ಷಣದಲ್ಲೂ ಪಟ್ಟಿಯ ಹಿಡಿತ ಬಿಡುವುದಿಲ್ಲ. ಅದೇ ದೇಶದ ವಿಂಟರ್‌ಟೂರ್ ಪಟ್ಟಣದ ಕಾರ್ಖಾನೆ ಕಟ್ಟಿದ ಅಲ್ಲಿನ ಎಕ್ಸ್ ವರ್ಗದ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಮಾಮೂಲಿ ಚಕ್ರಗಳನ್ನು ತಿರುಗಿಸುತ್ತವೆ. ಅಲ್ಲಿ ದುಡಿದು ಹೊರಬಂದ ಉಗಿಯೇ ಇನ್ನೆರಡಕ್ಕೆ ಹೋಗಿ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಒಮ್ಮೆ ಬಳಸಿದ ಉಗಿಯಿಂದ ಮತ್ತೊಮ್ಮೆ ಕೆಲಸ ತೆಗೆದ ಆ ಜಾಣ್ಮೆಗೆ ನಾನು ಇಂದಿಗೂ ಮನಸೋಲುತ್ತೇನೆ.

ಇದನ್ನೆಲ್ಲ ನನಗೆ ಮೊದಲು ಹೇಳಿದ್ದು ಪುಸ್ತಕವಲ್ಲ. 1976ರ ಬೇಸಿಗೆಯಲ್ಲಿ ಅಪ್ಪ ನಮ್ಮನ್ನು ಆ ರೈಲಿನಲ್ಲಿ ಕರೆದೊಯ್ದಿದ್ದರು. ನಾವು ಕಣಿವೆ, ಜಲಪಾತ ಎಂದು ಕಿಟಕಿಗೆ ಮುತ್ತಿಕೊಂಡಿದ್ದರೆ ಅವರು ಬೋಗಿಯ ತುದಿಯ ಜಗಲಿಯಲ್ಲಿ ನಿಂತಿದ್ದ ಬ್ರೇಕ್‌ನವನ ಕೈಯನ್ನೇ ನೋಡುತ್ತಿದ್ದರು. ಪ್ರತಿ ಬೋಗಿಗೂ ಒಬ್ಬ ಬ್ರೇಕ್‌ನವ. ಎಂಜಿನ್ ಯಾವಾಗಲೂ ಇಳಿಜಾರಿನ ಕೆಳಬದಿಗೇ ಇರುತ್ತದೆ: ಹತ್ತುವಾಗ ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಮುಂದೆ ನಿಂತು ಇಡೀ ರೈಲನ್ನು ಎದೆಗೊಟ್ಟು ತಡೆಯುತ್ತದೆ. ಆಗ ಅದರ ಸಿಲಿಂಡರ್‌ಗಳು ಗಾಳಿಯನ್ನು ಒತ್ತುತ್ತಾ ವೇಗವನ್ನು ತಗ್ಗಿಸುತ್ತವೆ. ತುಂಬಿದ ಕಬ್ಬಿನ ಗಾಡಿ ಇಳಿಜಾರಿಗೆ ಬಂದಾಗ ಎತ್ತುಗಳು ಗೊರಸೂರಿ ನೊಗವನ್ನು ಹಿಂದಕ್ಕೆ ಒತ್ತಿಹಿಡಿಯುವುದನ್ನು ಮಂಡ್ಯದ ಕಡೆಯವರೆಲ್ಲ ನೋಡಿರುತ್ತಾರೆ. ಅಪ್ಪ ಕೊಟ್ಟ ಹೋಲಿಕೆಯೂ ಅದೇ.

ಊಟಿ ರೈಲಿನ ಬಗ್ಗೆ ಬರೆಯುವವರು 208 ತಿರುವು, 16 ಸುರಂಗ ಎಂದು ಲೆಕ್ಕ ಕೊಡುತ್ತಾರೆ; 2005ರಲ್ಲಿ ಸಿಕ್ಕ ಯುನೆಸ್ಕೊ ಮನ್ನಣೆಯನ್ನು ನೆನೆಯುತ್ತಾರೆ. ಸಂತೋಷವೇ. ಆದರೆ ಬ್ರೇಕ್ ಹಿಡಿದು ನಿಂತವನ ಬಗ್ಗೆ ಒಂದು ಸಾಲನ್ನಾದರೂ ಬರೆಯಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ. ಬೆಟ್ಟ ಹತ್ತಿದ ಎಂಜಿನ್ನಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಪ್ಪನಂಥವರು ಬದುಕಿಡೀ ದುಡಿದದ್ದು ರೈಲು ನಿಲ್ಲಬೇಕಾದಲ್ಲಿ ನಿಲ್ಲಲಿ ಎಂದು.

ಹುಡುಗಿ ಆಗಲೇ ನೆಲಕ್ಕೆ ಮಂಡಿಯೂರಿ ಎಂಜಿನ್ನಿನ ಅಡಿಗೆ ಇಣುಕುತ್ತಿದ್ದಳು. "ಬ್ರೇಕ್ ಎಲ್ಲಿದೆ ಅಜ್ಜಿ?" ಮಂಡಿನೋವಿದ್ದರೂ ನಾನೂ ಪಕ್ಕದಲ್ಲೇ ಕುಳಿತೆ. ಚಕ್ರಕ್ಕೆ ಅಂಟಿಕೊಂಡಂತಿದ್ದ ಬ್ರೇಕ್ ಬ್ಲಾಕ್ ತೋರಿಸಿದೆ.

ಬೇಸಿಗೆ ರಜೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಹತ್ತುವುದಕ್ಕೆ ಗುಂಡ್ಲುಪೇಟೆ ಮೇಲಿನ ನಮ್ಮ ಬಸ್ಸೇ ಇದೆ. ಊಟಿಯಿಂದ ಮಧ್ಯಾಹ್ನದ ರೈಲು ಹಿಡಿದು ಮೆಟ್ಟುಪಾಳಯಂವರೆಗೆ ಇಳಿಯುತ್ತೇವೆ.