ನನ್ನ ‘ಇಂಟು’ ಬೇರೆ, ಅವರ ‘ಇಂಟು’ ಬೇರೆ

“ಫೋರ್ ಇಂಟು ಟ್ವೆಲ್ವ್ ಎಷ್ಟು?” ಎಂದು ಕೇಳಿದೆ. ಆಕೆ ಒಂದು ಕ್ಷಣವೂ ತಡಮಾಡದೆ 3 ಎಂದು ಬರೆದಳು.

ಕೆಮಿಸ್ಟ್ರಿ ಲೆಕ್ಕ ಅದು. ಮೋಲ್ ಅಂದರೆ ಪದಾರ್ಥದ ಕಣಗಳನ್ನು ಎಣಿಸುವ ಅಳತೆ. 4 ಮೋಲ್ ಕಾರ್ಬನ್ ಎಷ್ಟು ಗ್ರಾಂ ತೂಗುತ್ತದೆ? ಒಂದು ಮೋಲ್‌ಗೆ 12 ಗ್ರಾಂ, ಒಟ್ಟು 48. ಆಕೆಗೆ ನಲವತ್ತು ದಾಟಿತ್ತು. ಆಸ್ಪತ್ರೆಯಲ್ಲಿ ಸಹಾಯಕಿ. ನರ್ಸಿಂಗ್ ಸೇರಬೇಕೆಂದು ಮತ್ತೆ ಓದಲು ಬಂದಿದ್ದಳು. ಅಯ್ಯೋ ಪಾಪ, ನಾಲ್ಕರ ಮಗ್ಗಿಯೂ ಬರಲ್ವಲ್ಲ ಅಂದುಕೊಂಡೆ. ಕಪಾಟಿನಲ್ಲಿ ಗುಣಾಕಾರದ ಅಭ್ಯಾಸದ ಹಾಳೆ ಇತ್ತು. ತೆಗೆದು ಕೊಟ್ಟೆ. “ಮೊದಲು ಇದನ್ನು ಮಾಡಿಕೊಂಡು ಬನ್ನಿ.” ಆಕೆ ಹಾಳೆ ನೋಡಿದಳು, ನನ್ನ ಮುಖ ನೋಡಿದಳು, ಥ್ಯಾಂಕ್ಸ್ ಹೇಳಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಎರಡು ವಾರ ಈ ಕಡೆ ತಲೆ ಹಾಕಲಿಲ್ಲ.

ನಾನು ಊರಲ್ಲಿ ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳುತ್ತಿದ್ದವಳು. ಗಂಡನ ಕೆಲಸದ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದೆ. 2015ರಲ್ಲಿ, ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡುವ ಎಚ್‌4 ವೀಸಾದ ಕೆಲವರಿಗೆ ದುಡಿಯಲು ಅನುಮತಿ ಸಿಗುವಂತಾಯಿತು. ಆಮೇಲೆ ಸಿಕ್ಕಿದ್ದು ಈ ಕಮ್ಯುನಿಟಿ ಕಾಲೇಜಿನ ಟ್ಯೂಟರಿಂಗ್ ಲ್ಯಾಬ್ ಕೆಲಸ. ಇಂಥ ಕಾಲೇಜು ಈ ರಾಜ್ಯದಲ್ಲಿ 116 ಇವೆ. ಸೇರಲು ಎಂಟ್ರೆನ್ಸ್ ಇಲ್ಲ, ಮಾರ್ಕ್ಸ್ ಕಾರ್ಡ್ ಕೇಳಲ್ಲ. ರಾಜ್ಯದವರಿಗೆ ಶುಲ್ಕ, ಕೋರ್ಸನ್ನು ಅಳೆಯುವ ಒಂದು ಯೂನಿಟ್‌ಗೆ 46 ಡಾಲರ್. ಎರಡು ವರ್ಷ ಇಲ್ಲಿ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಮೂರನೇ ವರ್ಷಕ್ಕೆ ಹೋಗಬಹುದು. ಹಾಗಾಗಿ ಒಂದೇ ಟೇಬಲ್ಲಿನಲ್ಲಿ ಹದಿನೆಂಟರ ಹುಡುಗನೂ ಇರುತ್ತಾನೆ, ಗೋದಾಮಿನ ರಾತ್ರಿಪಾಳಿ ಮುಗಿಸಿ ಬಂದ ಅಪ್ಪನೂ ಇರುತ್ತಾನೆ. ಸಹಾಯ ಬೇಕಾದವರು ಮುಂದೆ ಒಂದು ಕೆಂಪು ಪ್ಲಾಸ್ಟಿಕ್ ಲೋಟ ಇಟ್ಟುಕೊಳ್ಳುತ್ತಾರೆ. ನಾನು “ಟೂ ಮಿನಿಟ್ಸ್, ಬಂದೆ” ಎನ್ನುತ್ತಾ ಲೋಟದಿಂದ ಲೋಟಕ್ಕೆ ಓಡುತ್ತೇನೆ.

ಇಂಟು ವಿಷಯ ಬಿಡಿಸಿ ಹೇಳಿದ್ದು ಲ್ಯಾಬಿನ ಹಿರಿಯ ಟ್ಯೂಟರ್. ಇಲ್ಲಿಯವರೇ. ಟೀ ಕುಡಿಯುವಾಗ ಆಕೆಯ ಕತೆ ಹೇಳಿದೆ. ಅವರು ಕಪ್ ಕೆಳಗಿಟ್ಟರು. “ಇಂಟು ಅಂತಲೇ ಕೇಳಿದಿರಾ?” ಎಂದರು. ಇಲ್ಲಿ ಫೋರ್ ಇಂಟು ಟ್ವೆಲ್ವ್ ಅಂದರೆ 12ರೊಳಗೆ 4 ಎಷ್ಟು ಸಲ ಹೋಗುತ್ತದೆ ಅಂತ. ಅಂದರೆ ಭಾಗಾಕಾರ! ಗುಣಿಸುವುದಕ್ಕೆ ಟೈಮ್ಸ್ ಎನ್ನಬೇಕು. ಆಕೆ ಬರೆದ 3 ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಪ್ರಶ್ನೆ.

ಕೆಲಸಕ್ಕೆ ಸೇರಿ ಆಗಲೇ ಏಳು ತಿಂಗಳಾಗಿತ್ತು. ಎಷ್ಟು ಜನಕ್ಕೆ ಎಷ್ಟು ಸಲ ಇಂಟು ಅಂದಿದ್ದೆನೋ! ಅವರಲ್ಲಿ ಎಷ್ಟೋ ಜನ ಸುಮ್ನೆ ತಲೆಯಾಡಿಸಿ ಹೋಗಿರಬೇಕು.

ಆಮೇಲೆ ಒಂದೊಂದೇ ಹೊರಬಂದವು. ನಾವು ಯಾವ ಲೆಕ್ಕಕ್ಕಾದರೂ ಸಮ್ ಎನ್ನುತ್ತೇವೆ, ಅಲ್ವಾ? “ಈ ಸಮ್ ಮಾಡು” ಅಂದರೆ ಇವರು ಯಾವುದನ್ನು ಕೂಡಬೇಕು ಎಂದು ಹುಡುಕುತ್ತಾರೆ. ಇವರಿಗೆ ಸಮ್ ಅಂದರೆ ಕೂಡಿದರೆ ಬರುವ ಮೊತ್ತ ಮಾತ್ರ. ನಮ್ಮ ಝಡ್ ಇವರಿಗೆ ಝೀ. ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಎನ್ನುವ ನಮ್ಮ ಬಾಡ್‌ಮಾಸ್ ಹೆಸರನ್ನು ಇವರು ಕೇಳಿಯೇ ಇಲ್ಲ, ಇವರದು ಪೆಮ್‌ಡಾಸ್.

ಇವೆಲ್ಲ ನಾಲಿಗೆ ತಿದ್ದಿಕೊಂಡರೆ ಮುಗಿಯುವ ಸಂಗತಿ. ಬೆವರು ಬರಿಸಿದ್ದು ಇನ್ನೊಂದು. ಎಕ್ಸ್ ಪ್ಲಸ್ 5 ಈಕ್ವಲ್ಸ್ 12. ನಾನು ಎಂದಿನಂತೆ “5 ಆ ಕಡೆ ಹೋದರೆ ಮೈನಸ್ ಆಗುತ್ತೆ” ಎಂದೆ. ಎದುರಿಗಿದ್ದ ಹುಡುಗ ಕೇಳಿದ: “ಯಾಕೆ? ಗೆರೆ ದಾಟಿದರೆ ಅದಕ್ಕೆ ಏನಾಗುತ್ತೆ?” ತಮಾಷೆಗಲ್ಲ, ನಿಜಕ್ಕೂ ಕೇಳಿದ್ದ. ಊರಿನಲ್ಲಿ ಒಂಬತ್ತು ವರ್ಷ ಪಾಠ ಹೇಳಿದ್ದೇನೆ. ಒಬ್ಬರೂ ಇದನ್ನು ಕೇಳಿರಲಿಲ್ಲ. ಯಾವುದೂ ಎಲ್ಲಿಗೂ ಹೋಗುವುದಿಲ್ಲ, ಎರಡೂ ಕಡೆಯಿಂದ 5 ಕಳೆಯುತ್ತೇವೆ ಅಷ್ಟೆ. ಅಷ್ಟು ಹೇಳುವುದಕ್ಕೆ ನನಗೆ ಉಸಿರು ತೆಗೆದುಕೊಳ್ಳಬೇಕಾಯಿತು. ನಮ್ಮಲ್ಲಿ “ಅರ್ಥ ಆಯ್ತಾ?” ಅಂದರೆ ಎಂಬತ್ತು ಮಕ್ಕಳು ಒಟ್ಟಿಗೆ “ಆಯ್ತು ಮೇಡಂ” ಎನ್ನುತ್ತಿದ್ದರು. ಆ ದನಿ ನೆನಪಾಗಿ ಈಗ ಸ್ವಲ್ಪ ಭಯವಾಗುತ್ತದೆ.

ಮೂರನೇ ವಾರ ಆಕೆ ಬಂದಳು. ನಾನೇ ಹೋಗಿ ಪಕ್ಕದಲ್ಲಿ ಕೂತು ಕ್ಷಮೆ ಕೇಳಿದೆ, ಇಂಟು ಕತೆ ಹೇಳಿದೆ. ಆಕೆ ಜೋರಾಗಿ ನಕ್ಕಳು. “ಔಷಧಿ ಪಟ್ಟಿ ನೋಡಿಕೊಂಡು ಬದುಕಿರುವವಳು ನಾನು, ನನಗೆ ಮಗ್ಗಿ ಬರುತ್ತೆ” ಎಂದಳು. ಆ ಹಾಳೆಯನ್ನು ಮನೆಯಲ್ಲಿ ಮಗನಿಗೆ ಕೊಟ್ಟಿದ್ದಳಂತೆ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ನಾನು ಪೆನ್ನು ಮುಟ್ಟುವ ಮೊದಲು ಅವರು ಲೆಕ್ಕವನ್ನು ಬಾಯಿಬಿಟ್ಟು ಓದಬೇಕು. ಪ್ರಶ್ನೆಯನ್ನಷ್ಟೇ ಅಲ್ಲ, ಚಿಹ್ನೆಗಳನ್ನೂ.

ಆಕೆಯದೇ ಇನ್ನೊಂದು ಲೆಕ್ಕ. 0.10 ಎಂ ಹೈಡ್ರೋಕ್ಲೋರಿಕ್ ಆಸಿಡ್, 25 ಮಿಲಿಲೀಟರ್. ಅದರಲ್ಲಿ ಎಷ್ಟು ಮೋಲ್ ಇದೆ? ಆಕೆ 25ನ್ನು 0.10ರಿಂದ ಗುಣಿಸಿ 2.5 ಬರೆದಿದ್ದಳು. ಓದಿ ಎಂದೆ. “ಪಾಯಿಂಟ್ ಒನ್ ಝೀರೋ ಎಂ...” ಎಂ ಅಂದರೆ? “ಮೋಲ್ಸ್.” ಬರೀ ಮೋಲ್ಸಾ? ಪುಸ್ತಕ ಹಿಂದಕ್ಕೆ ತಿರುಗಿಸಿ ನೋಡಿದಳು. “ಓ, ಮೋಲ್ಸ್ ಪರ್ ಲೀಟರ್.” ಈಗ ಪೂರ್ತಿ ಓದಿ. ಓದುತ್ತಾ ಓದುತ್ತಾ “ಲೀಟರ್” ಹತ್ತಿರ ಅವಳೇ ನಿಂತಳು. ಬೆರಳು 25 ಮಿಲಿಲೀಟರಿನ ಮೇಲೆ ಹೋಯಿತು. 0.025 ಎಂದು ಬರೆದಳು. ಉತ್ತರ 0.0025. ನಾನು ಏನೂ ಹೇಳಿಕೊಡಲಿಲ್ಲ.

ಕ್ಯಾಲ್ಕುಲಸ್‌ನಲ್ಲಿ ಇನ್ನೂ ಮಜಾ. ಸೈನ್ ಎಕ್ಸ್ ಬೈ ಎಕ್ಸ್ ಇದೆ. ಒಬ್ಬ ಹುಡುಗ ಮೇಲಿನ ಎಕ್ಸ್, ಕೆಳಗಿನ ಎಕ್ಸ್ ಎರಡನ್ನೂ ಹೊಡೆದುಹಾಕಿ ಉತ್ತರ ‘ಸೈನ್’ ಎಂದು ಬರೆದಿದ್ದ. ಸೈನ್ ಅನ್ನು ಒಂದು ಸಂಖ್ಯೆ ಅಂದುಕೊಂಡು ಎಕ್ಸ್ ಜೊತೆ ಗುಣಿಸಿದೆ ಎಂದು ತಿಳಿದಿದ್ದಾನೆ. “ಸೈನ್ ಆಫ್ ಎಕ್ಸ್ ಎಂದು ಓದು” ಎಂದೆ. ಓದಿದ. “ಈಗ ನಿನ್ನ ಉತ್ತರ ಓದು.” “ಸೈನ್ ಆಫ್...” ನಿಲ್ಲಿಸಿದ. ತಾನೇ “ಆಫ್ ವಾಟ್?” ಎಂದು ತಲೆ ಕೆರೆದುಕೊಂಡ. ಪೂರ್ತಿ ಅಧ್ಯಾಯ ವಿವರಿಸಿದರೂ ಆಗದ ಕೆಲಸ ‘ಆಫ್’ ಎಂಬ ಪುಟ್ಟ ಪದದಿಂದ ಆಯಿತು.

ಮೊದಲಾಗಿದ್ದರೆ ಇಂಥವರನ್ನು ನಾವು ನೋಡುತ್ತಲೇ ಇರಲಿಲ್ಲವೇನೋ. ಮುಂಚೆ ಇಲ್ಲಿ ಸೇರುವಾಗ ಒಂದು ಪರೀಕ್ಷೆ ಇಟ್ಟು, ಕಡಿಮೆ ಬಂದವರನ್ನು ಹೈಸ್ಕೂಲ್ ಗಣಿತದ ತರಗತಿಗಳಿಗೆ ಕಳಿಸುತ್ತಿದ್ದರು. ಕೆಲವರು ಕೂಡಿಸು ಕಳೆಯಿಂದಲೇ ಶುರು ಮಾಡಬೇಕಿತ್ತು. ಆ ತರಗತಿಗಳು ಪದವಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮಧ್ಯದಲ್ಲೇ ಕೈಬಿಟ್ಟವರು ಜಾಸ್ತಿ. 2017ರಲ್ಲಿ ಎಬಿ 705 ಎಂಬ ಕಾನೂನು ಬಂತು. 2019ರ ಹೊತ್ತಿಗೆ ಹೆಚ್ಚಿನವರು ನೇರವಾಗಿ ಕಾಲೇಜು ಮಟ್ಟದ ಗಣಿತಕ್ಕೆ ಬರತೊಡಗಿದರು, ಜೊತೆಗೆ ಬೇಕಾದವರಿಗೆ ಒಂದು ಸಹಾಯದ ತರಗತಿ. ಇದರ ಬಗ್ಗೆ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಜಗಳ ಇದೆ. ತಳಪಾಯವೇ ಇಲ್ಲದೆ ಮನೆ ಕಟ್ಟಿದಂತೆ ಎನ್ನುವವರಿದ್ದಾರೆ. ನಾನು ಕಾನೂನಿನ ಪರ. ಆದರೆ ಭಾರವೆಲ್ಲ ನಮ್ಮ ಕೆಂಪು ಲೋಟಗಳ ಮೇಲೆ ಬಿತ್ತು, ನಮ್ಮ ಗಂಟೆಗಳು ಮಾತ್ರ ಹೆಚ್ಚಲಿಲ್ಲ. ಅದನ್ನೂ ಹೇಳಬೇಕಲ್ಲ.

ನನ್ನ ಹಾಳೆಯ ಪ್ರಸಂಗ ಕೇಳಿದ ಮೇಲೆ ಆ ಹಿರಿಯ ಟ್ಯೂಟರ್ ಯೂರಿ ಟ್ರೈಸ್‌ಮನ್ ಎಂಬ ಗಣಿತ ಮೇಷ್ಟ್ರ ಬಗ್ಗೆ ಹೇಳಿದರು. 1970ರ ದಶಕದಲ್ಲಿ ಇದೇ ರಾಜ್ಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಯಾಕೆ ಹಿಂದೆ ಬೀಳುತ್ತಾರೆ ಎಂಬ ಪ್ರಶ್ನೆ ಇತ್ತು. ಆಸಕ್ತಿ ಇಲ್ಲ, ಮನೆಯಲ್ಲಿ ಬೆಂಬಲ ಇಲ್ಲ, ಮೊದಲಿನ ಓದು ಸಾಲದು ಎಂದು ಮೇಷ್ಟ್ರುಗಳು ಊಹೆ ಹೇಳಿದರು. ಟ್ರೈಸ್‌ಮನ್ 20 ಕಪ್ಪು, 20 ಚೀನೀ ಮೂಲದ ವಿದ್ಯಾರ್ಥಿಗಳ ಜೊತೆಗೇ ಇದ್ದು ಅವರು ಓದುವುದನ್ನು ನೋಡಿದರು. ಆ ಊಹೆಗಳು ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ಮಾಡಿದ್ದನ್ನು ತಂದು ಒಟ್ಟಿಗೆ ಕೂತು ಒಬ್ಬರ ತಪ್ಪು ಇನ್ನೊಬ್ಬರು ಹಿಡಿಯುತ್ತಿದ್ದರು. ಇದನ್ನು ಕೇಳುವಾಗ ಆಕೆ ಮಡಚಿದ ಹಾಳೆಯೇ ನನ್ನ ಕಣ್ಣೆದುರು ಇತ್ತು.

ಈಗ ಹೊಸಬರು ಬಂದರೆ ಆಫೀಸ್ ಅವರ್ಸ್ ಅಂದರೇನು ಎಂದೂ ಕೇಳುತ್ತೇನೆ. ಸಿಲಬಸ್‌ನಲ್ಲಿ ಎಲ್ಲ ಪ್ರೊಫೆಸರ್‌ಗಳೂ ಬರೆದಿರುತ್ತಾರೆ. ವಿದ್ಯಾರ್ಥಿಗಳು ಬಂದು ಪ್ರಶ್ನೆ ಕೇಳಲೆಂದೇ ಇಟ್ಟ ಹೊತ್ತು ಅದು. ಆದರೆ ಅದು ಅವರು ಕೆಲಸ ಮಾಡುವ ಹೊತ್ತು, ಆಗ ಬಾಗಿಲು ತಟ್ಟಬಾರದು ಎಂದು ತಿಳಿದವರು ಒಬ್ಬಿಬ್ಬರಲ್ಲ.

ಎಲ್ಲ ದಿನವೂ ಹೀಗೆ ನಡೆಯುತ್ತದೆ ಎಂದುಕೊಳ್ಳಬೇಡಿ. ಫೈನಲ್ಸ್ ವಾರದಲ್ಲಿ ಹನ್ನೊಂದು ಟೇಬಲ್ಲಿನಲ್ಲಿ ಹನ್ನೊಂದು ಲೋಟ. ಓದಿಸುವುದಕ್ಕೆ ಪುರುಸೊತ್ತು ಎಲ್ಲಿ? ಪೆನ್ನು ಕಸಿದುಕೊಂಡು ನಾನೇ ಬಿಡಿಸಿಬಿಡುತ್ತೇನೆ.

ಲ್ಯಾಬಿನಲ್ಲಿ ನನ್ನ ಕುರ್ಚಿಯ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ. ನಾನು ಇಂಟು ಅಂದರೆ ಟೈಮ್ಸ್. ಸಮ್ ಅಂದರೆ ಪ್ರಾಬ್ಲಮ್. ಝಡ್ ಅಂದರೆ ಝೀ. ಮೊನ್ನೆ ನೋಡಿದರೆ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಒಂದು ಸಾಲು ಸೇರಿಸಿದ್ದಾರೆ: ಟೂ ಮಿನಿಟ್ಸ್ ಅಂದರೆ ಇಪ್ಪತ್ತು.