ಎಲ್ಲಾ ನಿನ್ನ ಮನಸ್ಸಲ್ಲೇ ಇರೋದು ಅನ್ನುವವರಿಗೆ

ತರೀಕೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ನನ್ನ ಎರಡೂ ಕೈಗಳಿಗೆ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ, ತೊನ್ನು ಇದೆ. ದಿನವಿಡೀ ಜನರಿಗೆ ಮಾತ್ರೆ ಕೊಡುವುದು ಈ ಕೈಗಳೇ.

ವಾಟ್ಸಾಪಿನಲ್ಲಿ ಒಂದು ಪ್ರಯೋಗದ ಕಥೆ ಓಡಾಡುತ್ತಿರುತ್ತದೆ. 'ಜನ ನಿನ್ನನ್ನು ಬೇರೆ ಥರ ನೋಡ್ತಾರೆ ಅನ್ನೋದು ಬರೀ ನಿನ್ನ ಭ್ರಮೆ' ಅನ್ನಲು ನೆಂಟರು ಅದನ್ನು ನನಗೇ ಹುಡುಕಿ ಕಳಿಸುತ್ತಾರೆ. ಪ್ರಯೋಗ ನಡೆದದ್ದು ನಿಜ. ಅಮೆರಿಕದ ಕ್ಲೆಕ್ ಮತ್ತು ಸ್ಟ್ರೆಂಟಾ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿ ಅದನ್ನು ಪ್ರಕಟಿಸಿದರು. ಭಾಗವಹಿಸಿದವರ ಮುಖಕ್ಕೆ ಮೇಕಪ್‌ನಿಂದ ಗಾಯದ ಕಲೆ ಬರೆದು ಕನ್ನಡಿಯಲ್ಲಿ ತೋರಿಸಿದರು. ಆಮೇಲೆ ಕ್ರೀಮ್ ಹಚ್ಚುವ ನೆಪದಲ್ಲಿ, ಅವರಿಗೆ ಗೊತ್ತಾಗದ ಹಾಗೆ ಕಲೆ ಅಳಿಸಿಬಿಟ್ಟರು. ಕಲೆ ಇದೆ ಅಂದುಕೊಂಡೇ ಅವರು ಅಪರಿಚಿತರ ಜೊತೆ ಮಾತಾಡಿ ಬಂದರು. 'ಎದುರಿಗಿದ್ದವರು ಯಾಕೋ ಬಿಗಿಯಾಗಿದ್ದರು' ಎಂಬಂಥ ಅನುಭವ ಹೇಳಿಕೊಂಡರು.

ಇದನ್ನು ನಾನು ನಂಬುತ್ತೇನೆ. ಯಾರಾದರೂ ದುಡ್ಡನ್ನು ಕೈಗೆ ಕೊಡದೆ ಗಾಜಿನ ಮೇಲೆ ಇಟ್ಟರೆ ಮೊದಲು ನೆನಪಾಗುವುದು ನನ್ನ ಬೆರಳುಗಳೇ. ಪಾಪ, ಅವರಿಗೆ ಬಸ್ಸಿನ ಅವಸರ ಇರಬಹುದು.

ಆದರೆ ನನ್ನ ತಂಗಿಯ ಮದುವೆಯಲ್ಲಿ ಅರಿಶಿನ ಹಚ್ಚುವಾಗ ಹಿರಿಯರೊಬ್ಬರು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, 'ನೀನು ಒಳಗೆ ಕಾಫಿ ನೋಡ್ಕೊಳ್ಳಮ್ಮ' ಅಂದರಲ್ಲ, ಅದು ನನ್ನ ಊಹೆಯಲ್ಲ. ಹಾಲು ಮೀನು ಒಟ್ಟಿಗೆ ತಿಂದಿದ್ದಕ್ಕೆ ಹೀಗಾಯಿತು, ನಾಗದೋಷ, ಅಂತೆಲ್ಲ ನನ್ನ ಮುಂದೆಯೇ ಹೇಳುತ್ತಾರೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಮ್ಮದೇ ರೋಗನಿರೋಧಕ ಶಕ್ತಿ ನಾಶ ಮಾಡುವುದರಿಂದ ತೊನ್ನು ಬರುತ್ತದೆ. ಮುಟ್ಟಿದರೆ ಅಂಟುವುದಿಲ್ಲ. ಆ ಪ್ರಯೋಗದಲ್ಲಿ ಭಾಗವಹಿಸಿದವರು ಕಲೆ ಇದೆ ಅಂತ ನಂಬಿ ಬದುಕಿದ್ದು ಸ್ವಲ್ಪ ಹೊತ್ತು ಮಾತ್ರ. ಅದನ್ನು ತೋರಿಸಿ ನನ್ನ ಇಷ್ಟು ವರ್ಷಗಳನ್ನು 'ಬರೀ ನಿನ್ನ ಭ್ರಮೆ' ಅನ್ನುವುದು ಅನ್ಯಾಯ ಅಲ್ವಾ?

ನನಗೆ ನಿಜಕ್ಕೂ ಸಹಾಯ ಆಗಿದ್ದು ಬೇರೆ. ಬ್ರಿಟನ್ನಿನ ಜೇಮ್ಸ್ ಪಾರ್ಟ್ರಿಡ್ಜ್ 18ನೇ ವಯಸ್ಸಿನಲ್ಲಿ ಕಾರಿಗೆ ಬೆಂಕಿ ಬಿದ್ದು ಮುಖ ಸುಟ್ಟುಕೊಂಡವರು. 1992ರಲ್ಲಿ ಅವರು, ಮುಖ ಅಥವಾ ಮೈಮೇಲೆ ಕಾಣುವಂಥ ಕಲೆ, ಗಾಯದ ಗುರುತು ಇರುವವರಿಗೆ ನೆರವಾಗುವ 'ಚೇಂಜಿಂಗ್ ಫೇಸಸ್' ಸಂಸ್ಥೆ ಕಟ್ಟಿದರು. ಅಲ್ಲಿ ಹೇಳಿಕೊಡುವ ಒಂದು ಉಪಾಯ ಹೀಗಿದೆ: ಏನೆಂದು ಹೇಳು, ಭಯ ಕಳೆ, ಮಾತು ಮುಂದಕ್ಕೆ ಒಯ್ಯಿ. ನನ್ನ ಅಂಗಡಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಯಾರ ಕಣ್ಣಾದರೂ ಕೈ ಮೇಲೆ ನಿಂತರೆ, 'ಇದು ತೊನ್ನು, ಅಂಟಲ್ಲ. ಈ ಮಾತ್ರೆ ಊಟ ಆದ್ಮೇಲೆ ತಗೊಳ್ಳಿ' ಅನ್ನುತ್ತೇನೆ. ಹೆಚ್ಚಿನವರು ತಕ್ಷಣ ಮಾತ್ರೆಯ ವಿಷಯಕ್ಕೆ ಬರುತ್ತಾರೆ. ಮೊದಲೆಲ್ಲ ಕೈ ಕೌಂಟರಿನ ಕೆಳಗೆ ಹೋಗುತ್ತಿತ್ತು. ಆಗ ಅವರಿಗೂ ಮುಜುಗರ, ನನಗೂ ಮುಜುಗರ.

ಕೆಲವರು ಬದಲಾಗುವುದಿಲ್ಲ. ಅವರನ್ನು ಬದಲಾಯಿಸುವ ಜವಾಬ್ದಾರಿ ನನ್ನದು ಅಂತ ನಾನು ಒಪ್ಪುವುದೂ ಇಲ್ಲ.

ಮಕ್ಕಳ ಜೊತೆ ಮಾತ್ರ ಸುಲಭ. ಮೊನ್ನೆ ಒಬ್ಬ ಹುಡುಗ, 'ಆಂಟಿ, ಕೈಗೆ ಸುಣ್ಣ ತಾಗಿದೆಯಾ?' ಅಂದ. ಅವನಮ್ಮ ತಲೆಗೆ ಮೊಟಕಿ ಸುಮ್ಮನಾಗಿಸಲು ನೋಡಿದರು. ದಯವಿಟ್ಟು ಹಾಗೆ ಮಾಡಬೇಡಿ. ಕೇಳಿದ್ದಕ್ಕೆ ಏಟು ತಿಂದ ಮಗು ಮುಂದಿನ ಸಲ ನನ್ನ ಹತ್ತಿರ ಬರಲಿಕ್ಕೇ ಹೆದರುತ್ತದೆ. ನಾನು ಉತ್ತರ ಹೇಳಿದೆ. 'ನೋಯುತ್ತಾ?' ಅಂತ ಕೇಳಿದ. 'ಇಲ್ಲ ಪುಟ್ಟ, ಬಿಸಿಲಿಗೆ ಮಾತ್ರ ಬೇಗ ಸುಡುತ್ತೆ' ಅಂದೆ. 'ಹಂಗಾದ್ರೆ ಛತ್ರಿ ತಗೊಳ್ಳಿ' ಅಂದ.